ಗಂಗಾಮೂಲದ ಪಂಡಿತೆ, ಕೇಡಗಾಂವ್‌ನ ಆಸರೆ

ಠಾಣೆ, ಡೊಂಬಿವಲಿ, ಕಲ್ಯಾಣದ ನಮ್ಮಂಥ ಕನ್ನಡಿಗರು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೊರಟಾಗ ಪುಣೆ ದಾಟಿ ದೌಂಡ್ ಬರುವ ಮೊದಲು ಕೇಡಗಾಂವ್ ಎಂಬ ಸಣ್ಣ ನಿಲ್ದಾಣ ಹಾದುಹೋಗುತ್ತದೆ. ನಿರ್ಗತಿಕ ಹೆಣ್ಣುಮಕ್ಕಳಿಗಾಗಿ ಅಲ್ಲಿ 'ಮುಕ್ತಿ' ಸಂಸ್ಥೆ ಕಟ್ಟಿದ ಪಂಡಿತಾ ರಮಾಬಾಯಿ ನಮ್ಮ ನಾಡಿನಲ್ಲೇ ಹುಟ್ಟಿದವರು.

ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಕಡೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ವಿರೋಧ ಎದುರಾದಾಗ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದರು. 1858ರಲ್ಲಿ ರಮಾ ಹುಟ್ಟಿದ್ದು ಅಲ್ಲೇ. ಆರು ತಿಂಗಳ ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಹೊರಿಸಿಕೊಂಡು ಕುಟುಂಬ ಘಟ್ಟ ಇಳಿಯಿತು. ಮುಂದೆ ಊರೂರು ಅಲೆದು ಪುರಾಣ ಓದುವ ಬದುಕು. 1870ರ ದಶಕದ ಬರದಲ್ಲಿ ಅಪ್ಪ, ಅಮ್ಮ, ಅಕ್ಕ ತೀರಿಕೊಂಡರು. ಅಣ್ಣನೊಡನೆ ಕಲ್ಕತ್ತ ಸೇರಿದ ರಮಾಗೆ ಅಲ್ಲಿನ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಅಣ್ಣನೂ ಹೋದ. ಜಾತಿ ಮೀರಿ ಮದುವೆಯಾದ ಬಂಗಾಳಿ ವಕೀಲ ಗಂಡನೂ 1882ರಲ್ಲಿ ತೀರಿಕೊಂಡಾಗ ಕೈಯಲ್ಲಿ ಎಳೆಯ ಮಗಳು ಮನೋರಮಾ.

ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ವಾದಿಸಿದರು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ಕ್ರೈಸ್ತ ಧರ್ಮ ಸೇರಿದರು. 1886ರ ಮಾರ್ಚ್ 11ರಂದು ಫಿಲಡೆಲ್ಫಿಯಾದಲ್ಲಿ, ನಮ್ಮ ಕಲ್ಯಾಣದಲ್ಲಿ ಹುಟ್ಟಿದ ಆನಂದಿಬಾಯಿ ಜೋಶಿ ವೈದ್ಯಪದವಿ ಪಡೆಯುವುದನ್ನು ಕಣ್ಣಾರೆ ಕಂಡರು. ಮರುವರ್ಷವೇ ಆನಂದಿಬಾಯಿ ತೀರಿಕೊಂಡರು. ವಯಸ್ಸು 22 ಕೂಡ ತುಂಬಿರಲಿಲ್ಲ. ಆ ಪದವಿ ಪ್ರದಾನದ ದಿನಕ್ಕೆ ಸರಿಯಾಗಿ ಮೂರು ವರ್ಷಕ್ಕೆ, 1889ರ ಮಾರ್ಚ್ 11ರಂದು, ರಮಾಬಾಯಿ ಮುಂಬೈಯಲ್ಲಿ ವಿಧವೆಯರ ಶಾಲೆ 'ಶಾರದಾ ಸದನ' ತೆರೆದರು.

ಮರುವರ್ಷ ಸದನ ಪುಣೆಗೆ ಸ್ಥಳಾಂತರಗೊಂಡಿತು. 1893ರಲ್ಲಿ ಪೆಟ್ಟು ಬಿತ್ತು. ಹುಡುಗಿಯರು ಕ್ರೈಸ್ತ ಧರ್ಮದತ್ತ ಒಲಿಯುತ್ತಿದ್ದಾರೆಂಬ ಆಕ್ಷೇಪದಿಂದ ರಾನಡೆ, ಭಂಡಾರ್ಕರ್ ಸಲಹಾ ಸಮಿತಿ ಬಿಟ್ಟರು. ಅನೇಕರು ಮಕ್ಕಳನ್ನು ವಾಪಸು ಕರೆದೊಯ್ದರು. ಮತಾಂತರದ ವಿಚಾರದಲ್ಲಿ ನಮ್ಮ ಅಭಿಪ್ರಾಯ ಏನೇ ಇರಲಿ, ಆಕೆ ಬಾಗಿಲು ಮುಚ್ಚಲಿಲ್ಲ ಎಂಬುದನ್ನು ಒಪ್ಪಬೇಕು. 1896-97ರ ಬರಗಾಲದಲ್ಲಿ ತಾವೇ ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಹಸಿವಿನಿಂದ ಸಾಯುವುದೆಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೇಡಗಾಂವ್‌ನಲ್ಲಿ ಊಟ, ಆಸರೆಯ ಜೊತೆಗೆ ಓದು, ನೇಯ್ಗೆ, ಮುದ್ರಣ, ಬೇಸಾಯ ಎಲ್ಲವನ್ನೂ ಕಲಿಸಿದರು.

ಶಾರದಾ ಸದನದಲ್ಲಿ ಓದಿದ ವಿಧವೆ ಗೋದೂಬಾಯಿ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರು. ಅದೇ ಕರ್ವೆ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಸ್ಥಾಪಿಸಿದರು. ಇಂದಿನ ಎಸ್‌ಎನ್‌ಡಿಟಿ ಅದೇ.

1921ರಲ್ಲಿ ಮಗಳು ಮನೋರಮಾ ತೀರಿಕೊಂಡರು. 1922ರ ಏಪ್ರಿಲ್ 5ರಂದು ರಮಾಬಾಯಿಯೂ ಕಣ್ಮುಚ್ಚಿದರು. ಹೆಂಡತಿಗೆ ನಾಲ್ಕಕ್ಷರ ಕಲಿಸಿದ್ದಕ್ಕೆ ಕಾಡು ಸೇರಬೇಕಾದ ಮನೆಯ ಮಗಳು, ಮನೆಯೇ ಇಲ್ಲದ ಸಾವಿರಾರು ಹೆಣ್ಣುಮಕ್ಕಳಿಗೆ ಅಕ್ಷರವನ್ನೂ ಸೂರನ್ನೂ ಒಟ್ಟಿಗೇ ಕೊಟ್ಟು ಹೋದರು.