ರುಡಾಲ್ಫ್ ಡೀಸೆಲ್

ಚಿಕ್ಕಮಗಳೂರು ಜಿಲ್ಲೆಯೆಂದರೆ ಕಾಫಿಯ ತೋಟ, ಮಳೆಯ ಕಾಡು ಎಂದೇ ಹಲವರ ಎಣಿಕೆ. ಆದರೆ ಅದೇ ಜಿಲ್ಲೆಯಲ್ಲಿ ಅಜ್ಜಂಪುರದ ಕಡೆಗಿರುವ ಬುಕ್ಕಾಂಬುಧಿಯು ಬಯಲುಸೀಮೆಗೆ ಸೇರಿದ ಊರು. ಹೆಸರಿನಲ್ಲಿ ಅಂಬುಧಿ ಇದ್ದರೂ ಇಂಥ ಸೀಮೆಯ ಬೇಸಾಯಗಾರನು ನೀರಿಗಾಗಿ ನೆಲದ ಒಡಲನ್ನೇ ನೆಚ್ಚಬೇಕು. ಹಿಂದೆ ಬಯಲುಸೀಮೆಯಲ್ಲೆಲ್ಲ ಎತ್ತುಗಳು ಕಪಿಲೆ ಎಳೆದು ಬಾವಿಯ ನೀರನ್ನು ಮೇಲಕ್ಕೆ ತರುತ್ತಿದ್ದವು. ಬಳಿಕ ಬಾವಿಯ ದಡಕ್ಕೆ ಎಂಜಿನ್ನು ಬಂದಿತು. ಕೊಳವೆಬಾವಿ ಕೊರೆಯುವ ಲಾರಿಯ ಕಂಪ್ರೆಸರಿಗೂ ಬಲ ಕೊಡುವುದು ಅದೇ ಜಾತಿಯ ಎಂಜಿನ್ನೇ. ಅದಕ್ಕೆ ಹಾಕುವ ಎಣ್ಣೆಯನ್ನು ಎಲ್ಲರೂ ಡೀಸೆಲ್ ಎನ್ನುತ್ತಾರೆ. ಅದು ಒಬ್ಬ ಮನುಷ್ಯನ ಹೆಸರೆಂಬುದು ನೆನಪಿಗೆ ಬರುವುದು ಅಪರೂಪ.

ರುಡಾಲ್ಫ್ ಡೀಸೆಲನು 1858ರ ಮಾರ್ಚ್ 18ರಂದು ಪ್ಯಾರಿಸ್ ನಗರದಲ್ಲಿ ಹುಟ್ಟಿದನು. ತಂದೆತಾಯಿಗಳು ಜರ್ಮನರು. ತಂದೆ ಪುಸ್ತಕಗಳಿಗೆ ರಟ್ಟು ಕಟ್ಟುವ, ಚರ್ಮದ ಸಾಮಾನು ಮಾಡುವ ಕಸುಬಿನವನು. ಪ್ಯಾರಿಸ್ಸಿನ ಯಂತ್ರಗಳ ವಸ್ತುಸಂಗ್ರಹಾಲಯದಲ್ಲಿ ನಿಂತು ಹಳೆಯ ಯಂತ್ರಗಳ ಚಿತ್ರ ಬರೆಯುವುದು ಹುಡುಗನ ಮೆಚ್ಚಿನ ಆಟವಾಗಿತ್ತು. 1870ರಲ್ಲಿ ಫ್ರಾನ್ಸಿಗೂ ಜರ್ಮನರಿಗೂ ಯುದ್ಧ ಹೊತ್ತಿಕೊಂಡಾಗ ಈ ಕುಟುಂಬವು ಲಂಡನ್ನಿಗೆ ಹೊರಡಬೇಕಾಯಿತು. ಹನ್ನೆರಡು ವರ್ಷದ ರುಡಾಲ್ಫನನ್ನು ಅಲ್ಲಿಂದ ಔಗ್ಸ್‌ಬರ್ಗಿನ ಬಂಧುಗಳ ಮನೆಗೆ ಕಳುಹಿಸಿದರು. ಆ ಮನೆಯ ಯಜಮಾನನು ಗಣಿತದ ಉಪಾಧ್ಯಾಯ. ಹುಡುಗನ ಪಾಲಿಗೆ ಅದು ಭಾಗ್ಯವೇ ಆಯಿತೆನ್ನಬೇಕು.

ಮುಂದೆ ಮ್ಯೂನಿಕ್ಕಿನ ತಾಂತ್ರಿಕ ವಿದ್ಯಾಲಯದಲ್ಲಿ ಅವನಿಗೆ ಕಾರ್ಲ್ ಫಾನ್ ಲಿಂಡೆ ಎಂಬ ಶ್ರೇಷ್ಠ ಗುರು ದೊರೆತನು. ಕಲ್ಲಿದ್ದಲು ಉರಿದಾಗ ಹುಟ್ಟುವ ಶಾಖದಲ್ಲಿ ಸುಮಾರು ಹತ್ತನೆಯ ಒಂದು ಪಾಲನ್ನು ಮಾತ್ರ ಉಗಿಯಂತ್ರವು ಕೆಲಸಕ್ಕೆ ತರುತ್ತದೆ, ಉಳಿದುದೆಲ್ಲ ಪೋಲಾಗುತ್ತದೆ ಎಂದು ಗುರುವು ತರಗತಿಯಲ್ಲಿ ತಿಳಿಸಿದ ಮಾತು ಶಿಷ್ಯನ ಮನಸ್ಸಿನಲ್ಲಿ ನಾಟಿತು. ಟೈಫಾಯ್ಡ್ ಜ್ವರದಿಂದ ಪರೀಕ್ಷೆ ತಪ್ಪಿದರೂ 1880ರ ಆರಂಭದಲ್ಲಿ ಅವನು ಅತ್ಯುನ್ನತ ದರ್ಜೆಯಲ್ಲಿ ತೇರ್ಗಡೆಯಾದನು. ಅನಂತರ ಹಲವು ವರ್ಷ ಲಿಂಡೆಯ ಮಂಜುಗಡ್ಡೆ ಯಂತ್ರಗಳ ಉದ್ಯಮದಲ್ಲಿ ದುಡಿದನು. ಮದುವೆಯಾಯಿತು, ಮೂವರು ಮಕ್ಕಳಾದರು. ಆದರೆ ಪೋಲಾಗುವ ಶಾಖದ ಚಿಂತೆ ಅವನನ್ನು ಬಿಡಲಿಲ್ಲ.

ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ಬುಡ ಬಿಸಿಯಾಗುವುದು ಎಲ್ಲರ ಅನುಭವ. ಗಾಳಿಯನ್ನು ಒತ್ತಿದಷ್ಟೂ ಅದು ಕಾಯುತ್ತದೆ. ಹಾಗೆ ಬಹಳವಾಗಿ ಒತ್ತಿ ಕಾಯಿಸಿದ ಗಾಳಿಯೊಳಕ್ಕೆ ಎಣ್ಣೆಯನ್ನು ಸಿಂಪಡಿಸಿದರೆ ಕಿಡಿಯ ನೆರವಿಲ್ಲದೆಯೇ ಅದು ಹೊತ್ತಿಕೊಳ್ಳಬೇಕು. ಈ ವಿಚಾರದ ಮೇಲೆ ಡೀಸೆಲನು 1892ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದನು. ಔಗ್ಸ್‌ಬರ್ಗಿನ ಯಂತ್ರ ಕಾರ್ಖಾನೆಯೂ ಕ್ರುಪ್ ಸಂಸ್ಥೆಯೂ ನೆರವಿಗೆ ಬಂದವು. 1893ರ ಆಗಸ್ಟ್ 10ರಂದು ನಡೆದ ಮೊದಲ ಪರೀಕ್ಷೆಯಲ್ಲಿ ಒತ್ತಡವನ್ನು ಅಳೆಯುವ ಉಪಕರಣವು ಸಿಡಿದು ಚೂರುಗಳು ಹಾರಿದವು. ಹತ್ತಿರವಿದ್ದವರು ಕೂದಲೆಳೆಯಷ್ಟರಲ್ಲಿ ಪಾರಾದರು. ಎಣ್ಣೆ ಹೊತ್ತಿದ್ದಂತೂ ದಿಟವೆಂದು ಡೀಸೆಲನಿಗೆ ಅದರಿಂದಲೇ ಧೈರ್ಯ ಬಂದಿತು. ಮರುವರ್ಷ ಎಂಜಿನ್ನು ತನ್ನ ಬಲದಿಂದಲೇ ಸುಮಾರು ಒಂದು ನಿಮಿಷ ಓಡಿತು. 1897ರ ಫೆಬ್ರುವರಿ 17ರಂದು ಪ್ರೊಫೆಸರ್ ಮೋರಿಟ್ಸ್ ಶ್ರೋಟರನು ಅಳತೆ ಮಾಡಿ ನೋಡಿದಾಗ ಅದು ಶಾಖದ ನೂರು ಪಾಲಿನಲ್ಲಿ 26 ಪಾಲನ್ನು ಕೆಲಸಕ್ಕೆ ತಂದಿತ್ತು.

ಕೀರ್ತಿ, ಹಣ ಎರಡೂ ಬಂದವು. ಕಷ್ಟವು ಆರಂಭವಾದದ್ದೂ ಆಗಲೇ. 1898ರಲ್ಲಿ ಕೆಂಪ್ಟನ್ ಎಂಬ ಊರಿನ ಬೆಂಕಿಕಡ್ಡಿ ಕಾರ್ಖಾನೆಗೆ 60 ಅಶ್ವಶಕ್ತಿಯ ಎಂಜಿನ್ನು ಹೋಯಿತು. ಪ್ರಯೋಗಶಾಲೆಯಲ್ಲಿ ನುರಿತ ಎಂಜಿನಿಯರುಗಳ ಕಣ್ಣೆದುರಿಗೆ ಸೊಗಸಾಗಿ ಓಡಿದ ಯಂತ್ರವು ಹೊರಗಿನ ಕೆಲಸಗಾರರ ಕೈಯಲ್ಲಿ ಮತ್ತೆ ಮತ್ತೆ ನಿಂತಿತು. ಎಣ್ಣೆ ಸಿಂಪಡಿಸುವ ಬಾಯಿ ಕಟ್ಟಿಕೊಳ್ಳುತ್ತಿತ್ತು, ಎಣ್ಣೆಯನ್ನು ಒಳಕ್ಕೆ ಊದುವ ಗಾಳಿಯ ಪಂಪು ಕೆಡುತ್ತಿತ್ತು, ಹೊಗೆ ಏಳುತ್ತಿತ್ತು. ಡೀಸೆಲನ ಪಾಲಿದ್ದ ಔಗ್ಸ್‌ಬರ್ಗಿನ ಹೊಸ ಕಾರ್ಖಾನೆಯಿಂದ ಹೋದ ಎಂಜಿನ್ನುಗಳಂತೂ ದೂರುಗಳ ಸಮೇತ ಹಿಂದಿರುಗಿದವು. ಪಕ್ವವಾಗುವ ಮೊದಲೇ ಯಂತ್ರವನ್ನು ಮಾರಲು ಅವಸರಪಟ್ಟದ್ದು ಅವನ ತಪ್ಪೇ ಸರಿ. ಆದರೆ ತಪ್ಪೆಲ್ಲವೂ ಅವನದಲ್ಲ. ಉಗಿಯಂತ್ರವು ಒರಟು ಕೈಗೂ ಒಗ್ಗುತ್ತಿತ್ತು. ಈ ಎಂಜಿನ್ನು ದಿನದಿನದ ಆರೈಕೆಯನ್ನು ಬೇಡುತ್ತಿತ್ತು.

ಅದರ ಕಾರಣವು ಯಂತ್ರದ ಹುಟ್ಟಿನಲ್ಲಿಯೇ ಇದೆ. ಇಲ್ಲಿ ಬೆಂಕಿಯನ್ನು ಹಚ್ಚುವುದು ಒತ್ತಿದ ಗಾಳಿ. ಗಾಳಿಯೊಡನೆ ಹೊಲದ ಧೂಳು ಒಳಹೊಕ್ಕರೆ ಸಿಲಿಂಡರೂ ಪಿಸ್ಟನ್ನಿನ ಉಂಗುರಗಳೂ ಸವೆಯುತ್ತವೆ. ಸವೆದ ಸಂದಿನಿಂದ ಗಾಳಿ ಸೋರಿ ಒತ್ತಡ ಇಳಿಯುತ್ತದೆ. ಒತ್ತಡವಿಲ್ಲದೆ ಶಾಖವಿಲ್ಲ, ಶಾಖವಿಲ್ಲದೆ ಬೆಂಕಿಯಿಲ್ಲ. ಆದುದರಿಂದಲೇ ಕೊಳವೆಬಾವಿಯ ಲಾರಿಯ ಮೇಲಿನ ಅನುಭವಿ ಕೆಲಸಗಾರನು, ಕಲ್ಲಿನ ಪುಡಿ ಮುಗಿಲಿಗೇಳುವ ಆ ಜಾಗದಲ್ಲಿ, ಏರ್ ಫಿಲ್ಟರನ್ನು ಬಿಚ್ಚಿ ನೋಡದೆ ದಿನದ ಕೆಲಸಕ್ಕೆ ಕೈಹಾಕುವುದಿಲ್ಲ. ಎಂಜಿನ್ ಆಯಿಲಿನ ಮಟ್ಟವನ್ನು ಕಡ್ಡಿಯಿಂದ ಅಳೆಯುತ್ತಾನೆ, ರೇಡಿಯೇಟರಿಗೆ ನೀರು ನೋಡುತ್ತಾನೆ, ಡೀಸೆಲ್ ಫಿಲ್ಟರಿನ ತಳದಲ್ಲಿ ನಿಂತ ನೀರನ್ನು ಬಸಿಯುತ್ತಾನೆ. ಗೊತ್ತಾದಷ್ಟು ಗಂಟೆ ಓಡಿದ ಮೇಲೆ ಕಪ್ಪಾದ ಆಯಿಲನ್ನು ಚೆಲ್ಲಿ ಹೊಸದನ್ನು ತುಂಬುತ್ತಾನೆ. ಕೂದಲಿಗಿಂತ ಸಣ್ಣ ಕಸವೂ ಎಣ್ಣೆ ಚಿಮ್ಮುವ ರಂಧ್ರವನ್ನು ಕೆಡಿಸಬಲ್ಲುದು. ಕೆಂಪ್ಟನ್ನಿನ ಕೆಲಸಗಾರರಿಗೆ ಇದನ್ನೆಲ್ಲ ಹೇಳಿಕೊಡುವವರು ಇರಲಿಲ್ಲ. ಹೇಳಿಕೊಡಬೇಕಾದವರೂ ಆಗಿನ್ನೂ ಕಲಿಯುತ್ತಲೇ ಇದ್ದರು.

ದೂರುಗಳೂ ಹಕ್ಕುಪತ್ರದ ವ್ಯಾಜ್ಯಗಳೂ ಸೇರಿ ಡೀಸೆಲನ ಆರೋಗ್ಯ ಕುಸಿಯಿತು. ಕೆಲವು ತಿಂಗಳು ಅವನು ಆರೋಗ್ಯಧಾಮದಲ್ಲಿ ಕಳೆಯಬೇಕಾಯಿತು. ಆ ಕಾಲದಲ್ಲಿ ಇಮಾನುಯೆಲ್ ಲೌಸ್ಟರ್ ಮೊದಲಾದ ಔಗ್ಸ್‌ಬರ್ಗಿನ ಎಂಜಿನಿಯರುಗಳು ಒಂದೊಂದೇ ದೋಷವನ್ನು ತಿದ್ದಿ ಎಂಜಿನ್ನನ್ನು ಉಳಿಸಿದರು. ಅವರ ಹೆಸರು ಲೋಕಕ್ಕೆ ತಿಳಿಯಲಿಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನಿಗೆ ಮಹಾಬಹುಮಾನವು ಲಭಿಸಿತು. ಅಲ್ಲಿ ಒಂದು ಎಂಜಿನ್ನು ಕಡಲೆಕಾಯಿ ಎಣ್ಣೆಯಿಂದ ಓಡಿದ್ದು ವಿಶೇಷ. ಸುಮಾರು ನೂರು ವರ್ಷದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಹೊಂಗೆ ಎಣ್ಣೆಯಿಂದ ಇಂಥ ಎಂಜಿನ್ನನ್ನು ನಡೆಸಿದರು. 1912ರಲ್ಲಿ ಸೆಲಾಂಡಿಯಾ ಎಂಬ ದೊಡ್ಡ ಹಡಗು ಡೀಸೆಲ್ ಬಲದಿಂದ ಸಾಗರಯಾನ ಮಾಡಿತು.

ಯಂತ್ರವು ಗೆಲ್ಲುತ್ತಿದ್ದಂತೆ ಯಂತ್ರಕಾರನು ಸೋಲುತ್ತಿದ್ದನು. ಭೂಮಿಯ ವ್ಯವಹಾರ ಮುಂತಾದ ಲೇವಾದೇವಿಗಳಲ್ಲಿ ಅವನ ಸಂಪತ್ತು ಕರಗಿ ಸಾಲ ಬೆಳೆದಿತ್ತು. ಎಂಜಿನ್ನಿನ ಪ್ರತಿಯೊಂದು ಬಿರುಕನ್ನೂ ಹುಡುಕುತ್ತಿದ್ದ ಕಣ್ಣಿಗೆ ಮನೆಯ ಲೆಕ್ಕದ ಬಿರುಕು ಕಾಣಲಿಲ್ಲವೋ, ಕಂಡೂ ಯಾರೊಡನೆಯೂ ಹೇಳಲಿಲ್ಲವೋ. 1913ರ ಸೆಪ್ಟೆಂಬರ್ 29ರ ಸಂಜೆ ಅವನು ಆಂಟ್ವರ್ಪಿನಲ್ಲಿ ಡ್ರೆಸ್ಡನ್ ಎಂಬ ಹಡಗನ್ನೇರಿ ಇಂಗ್ಲೆಂಡಿಗೆ ಹೊರಟನು. ಸಹಪ್ರಯಾಣಿಕರೊಡನೆ ಊಟ ಮುಗಿಸಿ ತನ್ನ ಕೋಣೆಗೆ ಹೋದವನು ಬೆಳಗ್ಗೆ ಕಾಣಲಿಲ್ಲ. ಹಾಸಿಗೆಯಲ್ಲಿ ಮಲಗಿದ ಗುರುತಿರಲಿಲ್ಲ. ಸುಮಾರು ಹತ್ತು ದಿನಗಳ ಮೇಲೆ ಡಚ್ಚರ ದೋಣಿಯೊಂದಕ್ಕೆ ಸಮುದ್ರದಲ್ಲಿ ಒಂದು ಶವ ಸಿಕ್ಕಿತು. ನಾವಿಕರು ಜೇಬಿನ ವಸ್ತುಗಳನ್ನು ತೆಗೆದುಕೊಂಡು ಶವವನ್ನು ಮತ್ತೆ ನೀರಿಗೆ ಬಿಟ್ಟರು. ಆ ವಸ್ತುಗಳು ತನ್ನ ತಂದೆಯವೆಂದು ಮಗನು ಗುರುತಿಸಿದನು. ಹೊರಡುವ ಮೊದಲು ಡೀಸೆಲನು ಹೆಂಡತಿಯ ಕೈಗೆ ಒಂದು ಚೀಲವನ್ನು ಕೊಟ್ಟು, ಒಂದು ವಾರ ಅದನ್ನು ತೆರೆಯಬಾರದೆಂದು ಹೇಳಿದ್ದನು. ಅವಳು ತೆರೆದಾಗ ಅದರಲ್ಲಿ 20,000 ಮಾರ್ಕುಗಳೂ, ಮನೆಯ ಹಣದ ಸ್ಥಿತಿಯನ್ನು ತಿಳಿಸುವ ಲೆಕ್ಕದ ಕಾಗದಗಳೂ ಇದ್ದವು.