ಗ್ರೀಕರ ವೀರನನ್ನು ಕುರುಕ್ಷೇತ್ರಕ್ಕೆ ಕರೆತಂದ ಬಿ.ಎಂ.ಶ್ರೀ

ನಂಜನಗೂಡು, ತಿ. ನರಸೀಪುರದ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಕುರುಕ್ಷೇತ್ರ ನಾಟಕ ಆಡುವುದು ಇಂದಿಗೂ ಉಂಟು. ಕೃಷ್ಣ ಯಾರು, ದುರ್ಯೋಧನ ಯಾರು ಎಂದು ನಮ್ಮ ಮಕ್ಕಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ಅಶ್ವತ್ಥಾಮನ ಕಥೆಗೆ ಗ್ರೀಸ್ ದೇಶದ ವೀರನೊಬ್ಬನ ಕಥೆಯನ್ನು ಬೆಸೆದು ಕನ್ನಡದಲ್ಲಿ ನಾಟಕ ಬರೆದ ಮಹನೀಯರೊಬ್ಬರು ಮೈಸೂರಿನಲ್ಲೇ ಇದ್ದರೆಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು. ಅವರೇ ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ, ಅಂದರೆ ಬಿ.ಎಂ.ಶ್ರೀ. ಅವರ ಹೆಸರು ನಂಜನಗೂಡಿನ ಸ್ವಾಮಿಯ ಹೆಸರೇ ಎಂಬುದು ನಮಗೊಂದು ಸಂತೋಷ.

ಅವರು ಹುಟ್ಟಿದ್ದು 1884ರ ಜನವರಿ 3ರಂದು, ತುಮಕೂರು ಜಿಲ್ಲೆಯ ಸಂಪಿಗೆ ಗ್ರಾಮದಲ್ಲಿ. ಅದು ತಾಯಿಯ ತವರು. ತಂದೆ ಶ್ರೀರಂಗಪಟ್ಟಣದಲ್ಲಿ ವಕೀಲರು. ಬಾಲ್ಯದ ಓದು ಅಲ್ಲೇ ಆಯಿತು. ಮುಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಇಂಗ್ಲಿಷ್ ಬಲ್ಲವನೇ ಬಲ್ಲವ, ಕನ್ನಡ ಪಂಡಿತರ ಪಾಡು ಕಡೆ ಎನ್ನುವಂತಿದ್ದ ಕಾಲವದು. ಇಂಗ್ಲಿಷಿನ ಮೇಷ್ಟ್ರಾಗಿದ್ದುಕೊಂಡೇ ಅವರು 1911ರಲ್ಲಿ ಧಾರವಾಡಕ್ಕೆ ಹೋಗಿ, ಕನ್ನಡ ತಲೆ ಎತ್ತುವ ಬಗೆ ಹೇಗೆ ಎಂದು ಉಪನ್ಯಾಸ ಮಾಡಿದರು. 1927ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಗಲು ಅವರ ಶ್ರಮವೂ ದೊಡ್ಡದು. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದ ಅವರ ‘ಇಂಗ್ಲಿಷ್ ಗೀತಗಳು’ ಹೊಸ ಕಾವ್ಯಕ್ಕೆ ದಾರಿ ಮಾಡಿದ ಸಂಗತಿ ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ನಾನು ಹೇಳಹೊರಟಿರುವುದು ಅವರ ನಾಟಕದ ವಿಚಾರ.

ಸುಮಾರು 2,700 ವರ್ಷಗಳ ಹಿಂದೆ ರೂಪುಗೊಂಡ ‘ಇಲಿಯಡ್’, ‘ಒಡಿಸ್ಸಿ’ ಗ್ರೀಕರಿಗೆ ನಮ್ಮ ಭಾರತ ರಾಮಾಯಣಗಳಿದ್ದಂತೆ. ಅವನ್ನು ಹಾಡಿದವನು ಹೋಮರನೆಂದು ಪ್ರತೀತಿ. ಕಂಪ್ಯೂಟರಿಗೆ ಕಾಟ ಕೊಡುವ ಟ್ರೋಜನ್‌ಗೂ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜುವಿಗೂ ಹೆಸರು ಬಂದದ್ದು ಆ ಟ್ರಾಯ್ ಯುದ್ಧದ ಕಥೆಗಳಿಂದಲೇ. ಆ ಯುದ್ಧದಲ್ಲಿ ಅಕಿಲಿಸನ ನಂತರದ ಮಹಾವೀರ ಅಯಾಸ್, ಇಂಗ್ಲಿಷಿನಲ್ಲಿ ಏಜಾಕ್ಸ್. ಅಕಿಲಿಸ್ ಸತ್ತಾಗ ಅವನ ಆಯುಧಕವಚಗಳು ಅಯಾಸನಿಗೆ ಸಲ್ಲದೆ ಒಡಿಸ್ಯೂಸನಿಗೆ ಸಂದವು. ಅವಮಾನದಿಂದ ಕುದಿದ ಅಯಾಸ್ ಇರುಳಿನಲ್ಲಿ ತನ್ನ ಕಡೆಯ ನಾಯಕರನ್ನೇ ಕೊಲ್ಲಲು ಹೊರಟ. ದೇವತೆ ಅವನ ಬುದ್ಧಿ ಕೆಡಿಸಿದಳು. ನಾಯಕರೆಂದು ಭ್ರಮಿಸಿ ದನಕುರಿಗಳನ್ನು ಕಡಿದುಹಾಕಿದ. ಬೆಳಗಾಗಿ ತಿಳಿವು ಬಂದಾಗ ನಾಚಿಕೆ ತಾಳಲಾರದೆ ಕತ್ತಿಯ ಮೇಲೆ ಬಿದ್ದು ಸತ್ತ. ಆ ಕತ್ತಿ ಅವನ ಶತ್ರು ಹೆಕ್ಟರ್ ಹಿಂದೆ ಕೊಟ್ಟಿದ್ದ ಉಡುಗೊರೆ! ಈ ಕಥೆಯನ್ನು ಸೋಫೋಕ್ಲಿಸ್ ಎಂಬ ಕವಿ ನಾಟಕ ಮಾಡಿದ.

ಬಿ.ಎಂ.ಶ್ರೀ ಇದನ್ನು ಓದಿದಾಗ ಅವರಿಗೆ ಕಂಡವನು ಅಶ್ವತ್ಥಾಮ. ಅವನದೂ ಇರುಳಿನ ಕೊಲೆಯೇ. ಮಲಗಿದ್ದವರನ್ನು ಕೊಂದ ಕೀರ್ತಿಗೆಟ್ಟ ವೀರ. ಹೀಗೆ 1929ರಲ್ಲಿ ‘ಅಶ್ವತ್ಥಾಮನ್’ ಬಂತು. ಭಾಷೆ ಹಳಗನ್ನಡದ ಬಿಗಿಯದು; ಇಂದು ಓದಲು ಕಷ್ಟವೇ, ಸುಳ್ಳು ಹೇಳಬಾರದು. ಆದರೆ ಗಂಡನನ್ನು ಉಳಿಸಿಕೊಳ್ಳಲಾರದ ಹೆಂಡತಿಯ ಅಳಲಿಗೆ ಅರ್ಥಕೋಶ ಬೇಕಿಲ್ಲ.

ನಾಟಕ ವಿವಾದಕ್ಕೂ ಗುರಿಯಾಯಿತು. ನಮ್ಮ ಪುರಾಣದಲ್ಲಿ ಅಶ್ವತ್ಥಾಮ ಚಿರಂಜೀವಿ; ಇಲ್ಲಿ ಅವನು ತನ್ನ ಕೈಯಾರೆ ಸಾಯುತ್ತಾನೆ. ಪುರಾಣವನ್ನು ಹೀಗೆ ತಿದ್ದಬಹುದೇ? ನನ್ನ ಮಟ್ಟಿಗೆ ಹೇಳುವುದಾದರೆ, ಸಾವಿಲ್ಲದೆ ಹುಣ್ಣು ಹೊತ್ತು ಅಲೆಯುವ ಅಶ್ವತ್ಥಾಮನೇ ಹೆಚ್ಚು ಭಯಂಕರ. ಆದರೂ ತಪ್ಪು ಮಾಡಿದವನು ಅದನ್ನು ತಾನೇ ಕಂಡುಕೊಳ್ಳುವ ಗಳಿಗೆಯನ್ನು ಬಿ.ಎಂ.ಶ್ರೀ ಬಯಸಿದರು, ಅದು ಗ್ರೀಕರಿಂದ ಕಲಿತದ್ದು. ಅದಕ್ಕೂ ಮುಂಚೆ ರನ್ನನ ಕಾವ್ಯದಿಂದ ‘ಗದಾಯುದ್ಧ ನಾಟಕಂ’ ರಚಿಸಿ ದುರ್ಯೋಧನನಿಗೂ ಅದೇ ಘನತೆ ಕೊಟ್ಟಿದ್ದರು. 1935ರಲ್ಲಿ ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ ಎಂದು ತಂದರು. ಗೆದ್ದ ಗ್ರೀಕನೊಬ್ಬ ಸೋತ ಶತ್ರುವಿನ ಮನೆಯ ಗೋಳನ್ನು ಬರೆದ ನಾಟಕವದು.

ಮುಂದೆ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಕನ್ನಡ ಪರೀಕ್ಷೆಗಳನ್ನೂ ಅಚ್ಚುಕೂಟವನ್ನೂ ಆರಂಭಿಸಿದರು. ಮಹಾರಾಜರು ರಾಜಸೇವಾಸಕ್ತ ಬಿರುದು ನೀಡಿದರು. ಜನ ಕನ್ನಡದ ಕಣ್ವ ಎಂದರು. ಕೊನೆಗೆ ಧಾರವಾಡದಲ್ಲಿ ಕಾಲೇಜಿನ ಪ್ರಾಂಶುಪಾಲರಾಗಿದ್ದಾಗ, 1946ರ ಜನವರಿ 5ರಂದು ಅಲ್ಲೇ ತೀರಿಕೊಂಡರು. ಮೂರು ವರ್ಷದ ನಂತರ ಪ್ರಕಟವಾದ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದ ಮೊದಲಲ್ಲಿ ಹೋಮರನಿಗೂ ನಮಸ್ಕಾರವಿದೆ. ಅದನ್ನು ನೋಡಲು ಅವರು ಇರಲಿಲ್ಲ.

ಒಮ್ಮೆ ನಮ್ಮೂರಿನ ನಾಟಕದ ಮೇಷ್ಟ್ರೊಬ್ಬರಿಗೆ ಈ ಅಯಾಸನ ಕಥೆ ಹೇಳಿದೆ. ಹಾರ್ಮೋನಿಯಂ ಮೇಲಿನ ಕೈ ತೆಗೆದು ಪೂರ್ತಿ ಕೇಳಿದರು. ಅಶ್ವತ್ಥಾಮ ಸಾಯುವುದನ್ನು ಮಾತ್ರ ಒಪ್ಪಲಿಲ್ಲ. ಆದರೆ ಆ ಕತ್ತಿ ಶತ್ರು ಕೊಟ್ಟದ್ದೇ ಹೌದೇ ಎಂದು ಎರಡು ಸಲ ಕೇಳಿದರು.