ಕಲ್ಲಚ್ಚಿನ ಮೊಗ್ಲಿಂಗ್

ಗೆಳೆಯರೇ, ಈ ಭಿತ್ತಿಪತ್ರಿಕೆಯನ್ನು ನಾವು ಕೈಯಲ್ಲೇ ಬರೆಯುತ್ತೇವೆ. ಕನ್ನಡದ ಮೊಟ್ಟಮೊದಲ ಪತ್ರಿಕೆಯೂ ಕೈಬರಹದಿಂದಲೇ ಅಚ್ಚಾಯಿತು, ಗೊತ್ತಾ? ಅದನ್ನು ತಂದ ಹರ್ಮನ್ ಮೊಗ್ಲಿಂಗ್ ಅವರ ಬಗ್ಗೆ ನಾನು ಬರೆದಿದ್ದೇನೆ.

ಮೊಗ್ಲಿಂಗ್ ಅವರು 1811ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. ಟ್ಯೂಬಿಂಗನ್ನಿನಲ್ಲಿ ಓದಿದರು. 1836ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಮಂಗಳೂರಿಗೆ ಬಂದರು. ಬಂದದ್ದು ಕ್ರೈಸ್ತ ಧರ್ಮ ಹೇಳಲಿಕ್ಕೆ. ಆದರೆ ಕನ್ನಡ ಕಲಿತ ಮೇಲೆ ಕನ್ನಡವನ್ನೇ ಹಚ್ಚಿಕೊಂಡುಬಿಟ್ಟರು.

1841ರಲ್ಲಿ ಮಿಷನ್ನಿನವರು ಮಂಗಳೂರಿನಲ್ಲಿ ಕಲ್ಲಚ್ಚಿನ ಪ್ರೆಸ್ ಹಾಕಿದರು. ಕಲ್ಲಚ್ಚನ್ನು 1796ರಲ್ಲಿ ಕಂಡುಹಿಡಿದವರು ಜರ್ಮನಿಯ ಸೆನೆಫೆಲ್ಡರ್. ಇದಕ್ಕೆ ಅಚ್ಚಿನ ಮೊಳೆ ಬೇಡ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಅಕ್ಷರ ಮೂಡಿಸುತ್ತಾರೆ. ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿರಬೇಕು. ಆಮೇಲೆ ಗೋಂದಿಗೆ ಸ್ವಲ್ಪ ಆಮ್ಲ ಬೆರೆಸಿ ಸವರುತ್ತಾರೆ. ಆಗ ಬರಿ ಜಾಗ ನೀರು ಹಿಡಿಯುತ್ತದೆ, ಅಕ್ಷರದ ಜಾಗ ನೀರು ಹಿಡಿಯುವುದಿಲ್ಲ. ಕಲ್ಲನ್ನು ಒದ್ದೆ ಮಾಡಿ ಮಸಿಯ ರೋಲರ್ ಉರುಳಿಸಿದರೆ ಮಸಿ ಅಕ್ಷರಕ್ಕೆ ಮಾತ್ರ ಅಂಟುತ್ತದೆ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲವಲ್ಲ, ಅದೇ ಗುಟ್ಟು! ಮೇಲೆ ಕಾಗದ ಇಟ್ಟು ಒತ್ತಿದರೆ ಪುಟ ತಯಾರು. ಒಂದು ಸಲ ಬರೆದದ್ದು ನೂರಾರು ಪ್ರತಿ ಆಗುತ್ತದೆ.

ಹೀಗೆ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಟಿತು. 15 ದಿನಕ್ಕೊಮ್ಮೆ 4 ಪುಟ. ಊರ ಸುದ್ದಿ, ಸರ್ಕಾರದ ಆಜ್ಞೆ, ಕಥೆ, ಪುರಂದರದಾಸರ ಪದ ಎಲ್ಲಾ ಇರುತ್ತಿದ್ದವು. 1844ರಲ್ಲಿ ಅದು ಬಳ್ಳಾರಿಗೆ ಹೋಗಿ, ಮೊಳೆಯಲ್ಲಿ ಅಚ್ಚಾಗಿ, 'ಕನ್ನಡ ಸಮಾಚಾರ' ಆಯಿತು. ಆದರೆ ಬಹಳ ದಿನ ನಡೆಯಲಿಲ್ಲ.

ಮೊಗ್ಲಿಂಗ್ ಸುಮ್ಮನೆ ಕೂರಲಿಲ್ಲ. ಆ ಕಾಲದಲ್ಲಿ ನಮ್ಮ ಎಷ್ಟೋ ಕಾವ್ಯಗಳು ತಾಳೆಗರಿಯಲ್ಲೇ ಇದ್ದವು. ಹುಳ ತಿಂದರೆ ಮುಗಿಯಿತು! ಕ್ಯಾಸಮೇಜರ್ ಎಂಬ ನ್ಯಾಯಾಧೀಶರು ಹಣ ಕೊಟ್ಟರು. 1848ರಿಂದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಒಂದೊಂದಾಗಿ ಕಲ್ಲಚ್ಚಿನಲ್ಲಿ ಬಂದವು. ಬೇರೆ ಧರ್ಮದ ಪುಸ್ತಕ ಅಂತ ಅವರು ಬಿಡಲಿಲ್ಲ. ನನಗೆ ಬಹಳ ಹಿಡಿಸಿದ್ದು ಇದೇ.

1853ರಲ್ಲಿ ಕೊಡಗಿಗೆ ಹೋಗಿ, ಆ ನಾಡಿನ ಬಗ್ಗೆಯೂ ಪುಸ್ತಕ ಬರೆದರು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ಜರ್ಮನಿಗೆ ಮರಳಿದರು. 1881ರಲ್ಲಿ ತೀರಿಕೊಂಡರು.

ಕಲ್ಲಚ್ಚು ಹೋದರೂ ಅದರ ಗುಟ್ಟು ಹೋಗಿಲ್ಲ. ಈಗಿನ ಆಫ್‌ಸೆಟ್ ಪ್ರೆಸ್ಸಿನಲ್ಲೂ ಎಣ್ಣೆ ನೀರಿನ ಜಗಳವೇ ಕೆಲಸ ಮಾಡುತ್ತದೆ. ಕಂಪ್ಯೂಟರ್ ಚಿಪ್ಪಿನ ಮೇಲೆ ಕೂದಲಿಗಿಂತ ಸಣ್ಣ ಗೆರೆ ಮೂಡಿಸುವುದಕ್ಕೂ ಲಿಥೋಗ್ರಫಿ, ಅಂದರೆ ಕಲ್ಲುಬರಹ ಎಂದೇ ಹೆಸರು. ಅಲ್ಲಿ ಜಿಡ್ಡಿನ ಮಸಿಯ ಬದಲು ಪಾಲಿಮರ್ ಪದರ, ಕೈಬರಹದ ಬದಲು ಬೆಳಕು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಈ ಕೆಲಸ ನಡೆಯುತ್ತದೆ.

ಜುಲೈ 1 ಕನ್ನಡ ಪತ್ರಿಕಾ ದಿನ. ಆ ದಿನದ ಸಂಚಿಕೆಗೆ ನೀವೂ ಒಂದೊಂದು ಊರ ಸುದ್ದಿ ಬರೆದು ತನ್ನಿ.

– 7ನೇ ತರಗತಿ, ಮಾದನಾಯಕನಹಳ್ಳಿ